ದೇವಿಮನೆ ಘಟ್ಟ ಹತ್ತುತ್ತಿಲ್ಲ, ಕರಿಹೊಗೆ ಬೇರೆ. ಇಜಿಆರ್ ಬದಲಿಸಬೇಕಾ, ಮುಚ್ಚಿಸಬೇಕಾ?

ಹುಲೇಕಲ್ ದಾರಿ
ಎಲ್ಲರಿಗೂ ನಮಸ್ಕಾರ. ಗಾಡಿ 2012ರ ಮಾಡೆಲ್, ಏಳು ಸೀಟಿನದು, 2.5 ಲೀಟರ್ ಕಾಮನ್ ರೈಲ್ ಡೀಸೆಲ್, ಕೆಎ-31 ನಂಬರ್. 1,68,000 ಕಿಮೀ ಓಡಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಯಾವ ಕಂಪನಿ ಒಳ್ಳೆಯದು ಎನ್ನುವ ಜಗಳ ಶುರುವಾಗಿ ನನ್ನ ಪ್ರಶ್ನೆ ಅಲ್ಲೇ ಉಳಿದುಬಿಡುತ್ತದೆ.

ಹೋದ ಶನಿವಾರ ಅಮ್ಮನನ್ನು ಕುಮಟಾಕ್ಕೆ ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆ. ಇಳಿಯುವಾಗ ಏನೂ ತೊಂದರೆ ಇರಲಿಲ್ಲ. ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಗಾಡಿ ಎಳೆಯಲೇ ಇಲ್ಲ. ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದರೂ ಮೇಲೆ ಹೋಗುವುದಿಲ್ಲ, ಹಿಂದೆ ನೋಡಿದರೆ ಕರಿಹೊಗೆ, ನನ್ನ ಹಿಂದಿದ್ದ ಬೈಕಿನವನು ಕೆಮ್ಮಿ ಕೆಮ್ಮಿ ನಿಂತುಬಿಟ್ಟ. ಅಷ್ಟರಲ್ಲಿ ಇಂಜಿನ್ ದೀಪವೂ ಹತ್ತಿತು. ದೇವಸ್ಥಾನದ ಹತ್ತಿರ ಅರ್ಧ ಗಂಟೆ ನಿಲ್ಲಿಸಿಕೊಂಡು, ಆಮೇಲೆ ನಿಧಾನಕ್ಕೆ ಮನೆ ಸೇರಿದೆವು. ಅಮ್ಮ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ, ಹೆದರಿದ್ದರು.

ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0401 ಕೋಡ್ ಬಂತು. ಇಜಿಆರ್, ಅಂದರೆ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಇಂಜಿನ್ನಿಗೆ ಬಿಡುವ ವಾಲ್ವ್, ಹೋಗಿದೆ, ಹೊಸದು ಹಾಕಬೇಕು, ಕೂಲಿ ಸೇರಿ 19 ಸಾವಿರ ಅಂದರು. ಇನ್ನೊಂದು ಕಡೆ ಕೇಳಿದರೆ, ಒಂದು ತಗಡು ಕೊಟ್ಟು ಮುಚ್ಚಿಬಿಡೋಣ, 600 ರೂಪಾಯಿ ಸಾಕು ಅಂದರು. 19 ಸಾವಿರಕ್ಕೂ 600ಕ್ಕೂ ನಡುವೆ ಏನಾದರೂ ದಾರಿ ಇದೆಯಾ? ದಿನದ ಓಡಾಟ ಡೈರಿ, ಶಾಲೆ, ಪೇಟೆ ಅಷ್ಟೇ. ಘಟ್ಟ ಇಳಿಯುವುದು ತಿಂಗಳಿಗೆ ಒಂದೆರಡು ಸಲ.

ಟ್ಯಾಕ್ಸಿ ಹೊನ್ನಾವರ
ಮುಚ್ಚಿಸಿ ಅಣ್ಣ, ಯೋಚನೆಯೇ ಬೇಡ. ನನ್ನದು ಮುಚ್ಚಿಸಿ ನಾಲ್ಕು ವರ್ಷ ಆಯಿತು. ಪಿಕಪ್ ಬಂತು, ಮೈಲೇಜ್ ಬಂತು. ತನ್ನ ಹೊಗೆ ತಾನೇ ಕುಡಿಯುವ ಇಂಜಿನ್ ಯಾರಿಗೆ ಬೇಕು?

14ರ ಪಾನಾ
ತಡೀರಿ. ಅಂಕೋಲಾ ಕಡೆ 22 ವರ್ಷದಿಂದ ಡೀಸೆಲ್ ಗಾಡಿ ಕೆಲಸವನ್ನೇ ಮಾಡುತ್ತಿದ್ದೇನೆ. ಇಲ್ಲಿ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಪಿ0401 ಅಂದರೆ ಇಜಿಆರ್ ಕೆಟ್ಟಿದೆ ಎಂದಲ್ಲ. ಇಜಿಆರ್ ಹರಿವು ಕಡಿಮೆ ಆಗಿದೆ ಎಂದು ಕಂಪ್ಯೂಟರ್‌ಗೆ ಅನಿಸಿದೆ ಎಂದಷ್ಟೇ. ಅನಿಸಿದೆ ಎನ್ನುವ ಮಾತನ್ನು ಗಮನಿಸಿ. ವಾಲ್ವ್ ತೆರೆದುಕೊಂಡು ಸಿಕ್ಕಿಹಾಕಿಕೊಂಡಿದ್ದರೆ ಕರಿಹೊಗೆ ಬರುತ್ತದೆ, ಪಿಕಪ್ ಹೋಗುತ್ತದೆ, ಸರಿ. ಆದರೆ ಆಗ ಸಾಮಾನ್ಯವಾಗಿ ಬರುವುದು ಪಿ0402, ಹರಿವು ಜಾಸ್ತಿ ಎಂದು. ನಿಮಗೆ ಬಂದಿರುವುದು ಕಡಿಮೆ ಎಂದು. ಹರಿವು ಕಡಿಮೆ ಇದ್ದರೆ ಕರಿಹೊಗೆ ಯಾಕೆ ಬರಬೇಕು? ಹಾಗಾಗಿ ಹೊಗೆಗೆ ಕಾರಣ ಬೇರೆ ಎಲ್ಲೋ ಇದೆ. ಹೊಸ ಇಜಿಆರ್ ಹಾಕಿ 19 ಸಾವಿರ ಕೊಟ್ಟ ಮೇಲೂ ಅದೇ ದೇವಿಮನೆಯಲ್ಲಿ ಅದೇ ಹೊಗೆ ಬಂದರೆ?

ಮೂರು ವಿಷಯ ಹೇಳಿ. ಐಡಲ್‌ನಲ್ಲಿ ಗಾಡಿ ನಡುಗುತ್ತದಾ? ಒತ್ತಿದಾಗ ಎಲ್ಲಿಂದಾದರೂ ಸುಸ್ ಎಂದು ಗಾಳಿ ಸದ್ದು ಬರುತ್ತದಾ? ಕೂಲೆಂಟ್ ಕಡಿಮೆ ಆಗುತ್ತಿದೆಯಾ?

ಹುಲೇಕಲ್ ದಾರಿ
ಐಡಲ್ ಸರಿ ಇದೆ. ಕೂಲೆಂಟ್ ಮುಟ್ಟಿಲ್ಲ, ಮಟ್ಟ ಹಾಗೇ ಇದೆ. ಸದ್ದಿನ ಬಗ್ಗೆ ಗಮನ ಕೊಟ್ಟಿರಲಿಲ್ಲ. ನಾಳೆ ಗ್ಲಾಸ್ ಇಳಿಸಿಕೊಂಡು ಓಡಿಸಿ ಹೇಳುತ್ತೇನೆ.

ಯಲ್ಲಾಪುರ ಮೇಷ್ಟ್ರು
ಹೊನ್ನಾವರದ ತಮ್ಮನಿಗೆ ಒಂದು ಮಾತು. ಇಜಿಆರ್ ಸುಮ್ನೆ ಇಟ್ಟಿದ್ದಲ್ಲ. ಸಿಲಿಂಡರ್ ಒಳಗೆ ಬಿಸಿ ತೀರಾ ಏರಿದಾಗ ಗಾಳಿಯಲ್ಲಿರುವ ನೈಟ್ರೋಜನ್ನೂ ಆಕ್ಸಿಜನ್ನೂ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒಮ್ಮೆ ಸುಟ್ಟ ಹೊಗೆಯಲ್ಲಿ ಆಕ್ಸಿಜನ್ ಕಡಿಮೆ ಇರುತ್ತದೆ. ಅದರಲ್ಲಿ ಸ್ವಲ್ಪವನ್ನು ವಾಪಸ್ ಒಳಗೆ ಬಿಟ್ಟರೆ ಉರಿ ಸ್ವಲ್ಪ ತಣ್ಣಗಾಗುತ್ತದೆ, ಈ ವಿಷ ಕಡಿಮೆಯಾಗುತ್ತದೆ. ಇಜಿಆರ್ ಕೆಲಸ ಇಷ್ಟೇ.

ಇನ್ನೊಂದು ವಿಷಯ. ಸರಿಯಾಗಿರುವ ಇಜಿಆರ್ ಘಟ್ಟ ಹತ್ತುವಾಗ ನಿಮ್ಮ ಪಿಕಪ್ ಕದಿಯುವುದೇ ಇಲ್ಲ. ಪೂರ್ತಿ ಒತ್ತಿದಾಗ ಕಂಪ್ಯೂಟರ್ ಅದನ್ನು ಮುಚ್ಚಿರುತ್ತದೆ. ತೆರೆಯುವುದು ಅರ್ಧಂಬರ್ಧ ಒತ್ತಿ ಆರಾಮಾಗಿ ಹೋಗುವಾಗ. ನಿಮ್ಮ ಗಾಡಿಗೆ ಮುಚ್ಚಿದ ಮೇಲೆ ಪಿಕಪ್ ಬಂತು ಅಂದರೆ ನಿಮ್ಮ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ. ತೆಗೆದು ಚೊಕ್ಕ ಮಾಡಿದ್ದರೂ ಅದೇ ಪಿಕಪ್ ಬರುತ್ತಿತ್ತು.

ಟ್ಯಾಕ್ಸಿ ಹೊನ್ನಾವರ
ಮೇಷ್ಟ್ರೇ, ನನ್ನ ಗಾಡಿ ಪ್ರತಿ ಸಲ ಪಿಯುಸಿ ಪಾಸ್ ಆಗುತ್ತದೆ. ವಿಷ ಜಾಸ್ತಿ ಇದ್ದರೆ ಪಾಸ್ ಹೇಗಾಗುತ್ತಿತ್ತು?

ಯಲ್ಲಾಪುರ ಮೇಷ್ಟ್ರು
ಡೀಸೆಲ್ ಗಾಡಿಯ ಪಿಯುಸಿಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಇದೆ ಎಂದು ಮಾತ್ರ. ಹಳೇ ಗಾಡಿಗಳಿಗೆ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್, ಬಿಎಸ್4 ಎನ್ನುವ ಮಾಲಿನ್ಯ ಮಾನದಂಡದ ಗಾಡಿಗಳಿಗೆ 50. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಅದು ಕಣ್ಣಿಗೂ ಕಾಣುವುದಿಲ್ಲ. ಇಜಿಆರ್ ಮುಚ್ಚಿದರೆ ಕರಿಹೊಗೆ ಸ್ವಲ್ಪ ಕಡಿಮೆಯೇ ಆಗಬಹುದು, ಹಾಗಾಗಿ ಪಾಸ್ ಆಗುತ್ತೀರಿ. ಕಾಣದ್ದು ಜಾಸ್ತಿಯಾಗಿರುತ್ತದೆ. ನಿಮ್ಮ ಗಾಡಿಯ ಹಿಂದೆ ಶಾಲೆ ಮಕ್ಕಳು ನಡೆದು ಬರುತ್ತಾರಲ್ಲ, ಅವರು ಕುಡಿಯುವುದು ಅದನ್ನೇ. ಕಾನೂನಿನಲ್ಲಿಯೂ ಇದು ತಪ್ಪು. ವಾಯುಮಾಲಿನ್ಯದ ನಿಯಮ ಮೀರಿದರೆ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿವರೆಗೆ ಇದೆ.

ಬೈತಖೋಲ್ ಬೋಟ್
ನಮ್ಮ ಬೋಟಿನ ಹಳೇ ಡೀಸೆಲ್ ಇಂಜಿನ್‌ನಲ್ಲಿ ಇಜಿಆರೂ ಇಲ್ಲ, ಸೆನ್ಸರೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಆಗ ಬಿಚ್ಚಿ ಜೋಡಿಸಿದರೆ ವರ್ಷ ಪೂರ್ತಿ ಚಿಂತೆ ಇಲ್ಲ. ಈ ಕಾರುಗಳದ್ದೇ ತಲೆಬಿಸಿ.

14ರ ಪಾನಾ
ಬೋಟಿನ ಅಣ್ಣ ಹೇಳಿದ್ದು ನಿಜ, ಆದರೆ ಕಾರಿನಲ್ಲಿ ಕಂಪ್ಯೂಟರ್ ಇಜಿಆರ್ ಇದೆ ಎಂದು ನಂಬಿಕೊಂಡೇ ಕೆಲಸ ಮಾಡುತ್ತದೆ. ಈ ಗಾಡಿಗೆ ತಗಡು ಕೊಟ್ಟರೆ ಈಗ ಬಂದಿರುವ ಪಿ0401 ಪರ್ಮನೆಂಟ್ ಆಗಿ ಕೂರುತ್ತದೆ. ಆಮೇಲೆ ದೀಪ ಆರಿಸಲು ಸಾಫ್ಟ್‌ವೇರ್ ಬದಲಿಸುವವರ ಹತ್ತಿರ ಹೋಗಬೇಕು. ದೀಪ ಯಾವಾಗಲೂ ಹತ್ತಿಕೊಂಡೇ ಇದ್ದರೆ ನಾಳೆ ನಿಜವಾದ ತೊಂದರೆ ಬಂದಾಗ ಗೊತ್ತಾಗುವುದು ಹೇಗೆ?

ಸಿದ್ದಾಪುರ ಹುಡುಗ
ಕುಮಟಾ ರಸ್ತೆ ಈಗ ಕಾರಿಗೆ ಸರಿ ಇದೆಯಾ? ನಾವು ಬುಧವಾರ ಗೋಕರ್ಣಕ್ಕೆ ಹೋಗಬೇಕು.

ಹುಲೇಕಲ್ ದಾರಿ
ಕೆಲವು ಕಡೆ ಒಂದೇ ಬದಿ ಬಿಡುತ್ತಾರೆ, ಕಾಯಬೇಕು. ರಾತ್ರಿ ಬೇಡ. ಮಳೆ ಜೋರಿದ್ದರೆ ಹೊರಡುವ ಮೊದಲು ಯಾರನ್ನಾದರೂ ಕೇಳಿಕೊಳ್ಳಿ.

ಬನವಾಸಿ ಬಯಲು
ಇಜಿಆರ್ ಮಸಿ ಹಿಡಿದಿದ್ದರೆ ಸುಲಭದ ಉಪಾಯ ಇದೆ. ಬಿಚ್ಚಿ ಕಾಸ್ಟಿಕ್ ಸೋಡಾ ಹಾಕಿದ ಬಿಸಿ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ಪಾತ್ರೆ ಹಾಗೆ ಹೊಳೆಯುತ್ತದೆ.

14ರ ಪಾನಾ
ದಯವಿಟ್ಟು ಬೇಡ! ಇಜಿಆರ್ ಬಾಡಿ ಬಹಳ ಗಾಡಿಗಳಲ್ಲಿ ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಹೈಡ್ರೋಜನ್ ಗ್ಯಾಸ್ ಬಿಡುತ್ತದೆ, ಅದಕ್ಕೆ ಕಿಡಿ ತಾಗಿದರೆ ಕಷ್ಟ. ಒಬ್ಬರು ಹಾಗೆ ನೆನೆಸಿಟ್ಟು ಬೆಳಿಗ್ಗೆ ನನ್ನ ಹತ್ತಿರ ತಂದಿದ್ದರು. ಕೂರುವ ಮುಖವೆಲ್ಲ ಹುಳ ತಿಂದ ಹಾಗೆ ಆಗಿತ್ತು, ಗ್ಯಾಸ್ಕೆಟ್ ನಿಲ್ಲಲೇ ಇಲ್ಲ.

ಕಾರ್ಬ್ಯುರೇಟರ್ ಕ್ಲೀನರ್ ಅಥವಾ ಇಜಿಆರ್ ಕ್ಲೀನರ್ ಸ್ಪ್ರೇ, ಹಳೇ ಹಲ್ಲುಜ್ಜುವ ಬ್ರಶ್, ಮರದ ಕಡ್ಡಿ. ಇಷ್ಟು ಸಾಕು. ಇಂಜಿನ್ ಪೂರ್ತಿ ತಣ್ಣಗಿರಬೇಕು. ಮೋಟರ್ ಇರುವ ವಾಲ್ವ್ ಆದರೆ ಮೋಟರ್ ಬದಿಗೆ ಸ್ಪ್ರೇ ಹೋಗಬಾರದು, ಕರೆಂಟ್ ಬದಿ ಮೇಲೆ ಹಿಡಿದುಕೊಂಡು ತೊಳೆಯಿರಿ. ಉದುರಿದ ಮಸಿ ಉಂಡೆ ಇಂಜಿನ್ ಒಳಗೆ ಬೀಳದ ಹಾಗೆ ಬಟ್ಟೆ ತುರುಕಿ, ಆಮೇಲೆ ಆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ. ಗ್ಯಾಸ್ಕೆಟ್ ಹೊಸದೇ ಹಾಕಿ. ಇನ್ನು ಕೆಲವರು ಇಂಜಿನ್ ಚಾಲೂ ಇಟ್ಟು ಗಾಳಿ ಪೈಪಿನೊಳಗೆ ಸ್ಪ್ರೇ ಹೊಡೆಯುತ್ತಾರೆ. ಡೀಸೆಲ್‌ನಲ್ಲಿ ಅದು ಅಪಾಯ. ಆ ಸ್ಪ್ರೇಯೇ ಉರಿದು ಇಂಜಿನ್ ಹಿಡಿತಕ್ಕೆ ಸಿಗದೆ ಏರಿಬಿಡಬಹುದು.

ಕಾರವಾರ ಕಡಲು
ನಮ್ಮ ಕಡೆಯವರಿಗೆ ಒಂದು ಸೂಚನೆ, ಇಲ್ಲಿ ಯಾರೂ ಹೇಳಿಲ್ಲ. ನನ್ನ ಗಾಡಿಗೆ ಪಿ0405 ಬರುತ್ತಿತ್ತು, ಅಂದರೆ ಇಜಿಆರ್ ಸೆನ್ಸರ್ ಸಿಗ್ನಲ್ ಕಡಿಮೆ ಎಂದು. ಮಳೆಗಾಲದಲ್ಲಿ ಬರುವುದು, ಬೇಸಿಗೆಯಲ್ಲಿ ಹೋಗುವುದು. ವಾಲ್ವ್ ಬದಲಿಸಿ ಎಂದು ಎರಡು ಕಡೆ ಹೇಳಿದ್ದರು. ಕೊನೆಗೆ ಕನೆಕ್ಟರ್ ಬಿಚ್ಚಿ ನೋಡಿದರೆ ಒಂದು ಪಿನ್ ಹಸಿರು ಹಿಡಿದಿತ್ತು. ಸಮುದ್ರದ ಉಪ್ಪು ಗಾಳಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಹಚ್ಚಿದೆ. ಎರಡು ಮಳೆಗಾಲ ಆಯಿತು, ಕೋಡ್ ಬಂದಿಲ್ಲ.

ಜೊಯಿಡಾ ಅಕ್ಕ
ಕೂಲೆಂಟ್ ಬಗ್ಗೆ ಪಾನಾ ಅಣ್ಣ ಕೇಳಿದ್ದು ಬಹಳ ಸರಿ. ನನ್ನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ನಾನು ಜೊಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ ಮೇಲೆ ಕಾರವಾರಕ್ಕೆ ವಾರಕ್ಕೆ ಎರಡು ಸಲ ಓಡಾಡುತ್ತೇನೆ. ಕೂಲೆಂಟ್ ವಾರಕ್ಕೆ ಒಂದು ಲೋಟದಷ್ಟು ಕಡಿಮೆ ಆಗುತ್ತಿತ್ತು. ಕೆಳಗೆ ಒಂದು ಹನಿ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಸ್ವಲ್ಪ ಸಿಹಿ ವಾಸನೆ. ಒಂದು ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದರು. ನನಗೆ ನಿದ್ದೆಯೇ ಬರಲಿಲ್ಲ, ಅಷ್ಟು ದುಡ್ಡು ಎಲ್ಲಿಂದ ತರುವುದು. ನಮ್ಮ ಅಣ್ಣನ ಸ್ನೇಹಿತರೊಬ್ಬರು ಇಜಿಆರ್ ಕೂಲರ್, ಅಂದರೆ ಇಜಿಆರ್ ಹೊಗೆಯನ್ನು ಕೂಲೆಂಟಿನಿಂದ ತಣ್ಣಗೆ ಮಾಡುವ ಭಾಗ, ಬಿಚ್ಚಿ, ಒಂದು ಬದಿ ಮುಚ್ಚಿ, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರು. ಗುಳ್ಳೆ ಗುಳ್ಳೆ ಬಂತು! ಒಳಗೆ ತೂತು ಬಿದ್ದು ಕೂಲೆಂಟ್ ಹೊಗೆಯ ಜೊತೆ ಇಂಜಿನ್ನಿಗೇ ಹೋಗುತ್ತಿತ್ತು. ಕೂಲರ್ ಮಾತ್ರ ಬದಲಿಸಿದೆವು, ಹೆಡ್ ಮುಟ್ಟಲಿಲ್ಲ. ಈಗಲೂ ಅದೇ ಇಂಜಿನ್.

ಬನವಾಸಿ ಬಯಲು
ಕಾಸ್ಟಿಕ್ ವಿಷಯ ನನಗೆ ಗೊತ್ತಿರಲಿಲ್ಲ ಪಾನಾ ಅಣ್ಣ. ನಾನು ಮಾಡಿದ್ದು ಬೀಡು ಕಬ್ಬಿಣದ ಭಾಗಕ್ಕೆ, ಅದಕ್ಕೇ ಏನೂ ಆಗಿರಲಿಕ್ಕಿಲ್ಲ. ಯಾರೂ ನನ್ನ ಮಾತು ಕೇಳಿ ಮಾಡಬೇಡಿ.

ಹುಲೇಕಲ್ ದಾರಿ
ಗ್ಲಾಸ್ ಇಳಿಸಿ ಓಡಿಸಿದೆ. ಮೂರನೇ ಗೇರಿನಲ್ಲಿ ಒತ್ತಿದಾಗ ಮುಂದೆ ಎಡಗಡೆಯಿಂದ ಸುಸ್ಸ್ ಎಂದು ಸದ್ದು ಇದೆ! ಟರ್ಬೊ ಸದ್ದು ಅಂದುಕೊಂಡಿದ್ದೆ.

ಆನ್‌ಲೈನಲ್ಲಿ ತರಿಸಿದ ಬ್ಲೂಟೂತ್ ಸ್ಕ್ಯಾನರ್ ಹಾಕಿ ನೋಡಿದೆ. ಫೋನಿಗೆ ಸಿಗುತ್ತದೆ, ಗಾಡಿಗೆ ಸಿಗುವುದಿಲ್ಲ. ಸ್ಕ್ಯಾನರೇ ಹಾಳಾ?

ಯಲ್ಲಾಪುರ ಮೇಷ್ಟ್ರು
ಹಾಳಾಗಿರಬೇಕೆಂದಿಲ್ಲ. 2010ರಲ್ಲಿ ಬಿಎಸ್4 ಬಂದದ್ದು 13 ದೊಡ್ಡ ನಗರಗಳಿಗೆ ಮಾತ್ರ. ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. 2012ರಲ್ಲಿ ಶಿರಸಿಯಲ್ಲಿ ರಿಜಿಸ್ಟರ್ ಆದ ಗಾಡಿ ಬಿಎಸ್3 ಇರುವ ಸಾಧ್ಯತೆ ಜಾಸ್ತಿ. ಅಂಥ ಗಾಡಿಗೆ ಎಲ್ಲ ಸ್ಕ್ಯಾನರ್‌ಗೂ ಹೊಂದುವ ಒಬಿಡಿ, ಅಂದರೆ ಗಾಡಿಯೇ ತನ್ನ ದೋಷ ಹೇಳುವ ವ್ಯವಸ್ಥೆ, ಕಡ್ಡಾಯ ಇರಲಿಲ್ಲ. ಗ್ಯಾರೇಜಿನವರ ದೊಡ್ಡ ಸ್ಕ್ಯಾನರ್ ಕಂಪನಿಯ ಭಾಷೆಯಲ್ಲೇ ಮಾತಾಡುತ್ತದೆ, ಅದಕ್ಕೆ ಸಿಕ್ಕಿದೆ.

14ರ ಪಾನಾ
ಸುಸ್ ಎಂದರೆ ಅರ್ಧ ಕೆಲಸ ಮುಗಿದ ಹಾಗೆ. ಈಗ ಕೇಳಿ, ಯಾಕೆ ಎಂದು ಹೇಳುತ್ತೇನೆ.

ಗಾಳಿ ಮೊದಲು ಫಿಲ್ಟರ್, ಆಮೇಲೆ ಏರ್ ಫ್ಲೋ ಸೆನ್ಸರ್, ಆಮೇಲೆ ಗಾಳಿ ಒತ್ತುವ ಟರ್ಬೊ, ಆ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್, ಕೊನೆಗೆ ಇಂಜಿನ್. ನಿಮ್ಮ ಗಾಡಿಯ ಕಂಪ್ಯೂಟರ್ ಇಜಿಆರ್ ಹರಿವನ್ನು ನೇರವಾಗಿ ಅಳೆಯುವುದಿಲ್ಲ. ಇಜಿಆರ್ ತೆರೆದರೆ ಹೊಗೆ ಜಾಗ ಹಿಡಿಯುತ್ತದೆ, ಆಗ ಹೊಸ ಗಾಳಿ ಇಷ್ಟು ಕಡಿಮೆ ಆಗಬೇಕು ಎಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಟರ್ಬೊ ಆದ ಮೇಲಿನ ಹೋಸ್ ಒಡೆದಿದ್ದರೆ ಒತ್ತಿದ ಗಾಳಿ ಹೊರಗೆ ಹೋಗುತ್ತದೆ. ಸೆನ್ಸರ್ ಮೂಲಕ ಹೋಗಿದ್ದು ಬಹಳ, ಇಂಜಿನ್ನಿಗೆ ಸಿಕ್ಕಿದ್ದು ಸ್ವಲ್ಪ. ಕಂಪ್ಯೂಟರ್ ಏನೆಂದುಕೊಳ್ಳುತ್ತದೆ? ಗಾಳಿ ಇಷ್ಟೊಂದು ಹೋಗುತ್ತಿದೆ, ಹಾಗಾದರೆ ಇಜಿಆರ್ ಹರಿಯುತ್ತಿಲ್ಲ. ಪಿ0401! ಅದೇ ಗಾಳಿಯ ಲೆಕ್ಕಕ್ಕೆ ಡೀಸೆಲ್ಲನ್ನೂ ಬಿಡುತ್ತದೆ. ಅಷ್ಟು ಗಾಳಿ ಒಳಗೆ ಇಲ್ಲವೇ ಇಲ್ಲ. ಡೀಸೆಲ್ ಅರ್ಧ ಉರಿದು ಕರಿಹೊಗೆ. ನಿಮ್ಮ ಎರಡೂ ಲಕ್ಷಣ ಒಂದೇ ತೂತಿನಿಂದ ಬಂದಿರಬಹುದು.

ಆದರೂ ವಾಲ್ವ್ ಪರೀಕ್ಷೆ ಮಾಡದೆ ಬಿಡಬೇಡಿ. ಇಜಿಆರ್ ತಲೆಗೆ ವೈರ್ ಇದೆಯಾ, ತೆಳ್ಳಗಿನ ರಬ್ಬರ್ ಪೈಪ್ ಇದೆಯಾ ನೋಡಿ. ಪೈಪ್ ಇದ್ದರೆ ವ್ಯಾಕ್ಯೂಮಿನದು, ಗಾಳಿ ಎಳೆದರೆ ತೆರೆಯುವಂಥದ್ದು. ಕೊಟ್ಟಿಗೆಯಲ್ಲಿ ದನಕ್ಕೆ ಔಷಧ ಕುಡಿಸುವ ದೊಡ್ಡ ಸಿರಿಂಜ್ ಇರುತ್ತದಲ್ಲ, ಅದೇ ಸಾಕು. ಇಂಜಿನ್ ಐಡಲ್‌ನಲ್ಲಿ ಇಟ್ಟು, ಪೈಪ್ ತೆಗೆದು, ಅಲ್ಲಿಗೆ ಸಿರಿಂಜ್ ಸಿಕ್ಕಿಸಿ ಹಿಂದಕ್ಕೆ ಎಳೆಯಿರಿ. ಇಂಜಿನ್ ನಡುಗಿದರೆ ವಾಲ್ವ್ ತೆರೆಯುತ್ತಿದೆ, ದಾರಿಯೂ ಇದೆ. ಬಿಟ್ಟ ತಕ್ಷಣ ಸರಿಯಾದರೆ ಪೂರ್ತಿ ಮುಚ್ಚುತ್ತಿದೆ. ಎಳೆದಾಗ ಏನೂ ಆಗದಿದ್ದರೆ ಮಸಿ ಕಟ್ಟಿದೆ ಅಥವಾ ಒಳಗಿನ ಪರದೆ ಹರಿದಿದೆ. ಫ್ಯಾನ್ ಬೆಲ್ಟ್ ಹತ್ತಿರ ಕೈ, ಸೆರಗು, ಶಾಲು ಹೋಗದ ಹಾಗೆ ಜಾಗ್ರತೆ.

ಕಾರವಾರ ಕಡಲು
ದನದ ಸಿರಿಂಜ್! ಇದು ಬರೆದಿಟ್ಟುಕೊಂಡೆ.

ಹುಲೇಕಲ್ ದಾರಿ
ಮಾಡಿದೆ. ವ್ಯಾಕ್ಯೂಮ್ ಪೈಪಿನದೇ. ಸಿರಿಂಜ್ ಎಳೆದ ತಕ್ಷಣ ಇಂಜಿನ್ ಗಡಗಡ ಎಂದು ನಿಲ್ಲುವ ಹಾಗಾಯಿತು, ಬಿಟ್ಟೆ, ಸರಿಯಾಯಿತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹಾಗೇ. ಹಾಗಾದರೆ 19 ಸಾವಿರದ ವಾಲ್ವ್ ಬೇಡವೇ ಬೇಡ ಅಲ್ವಾ?

ಹೋಸ್ ಸಿಕ್ಕಿತು. ಇಂಟರ್‌ಕೂಲರ್‌ನಿಂದ ಮೇಲೆ ಬರುವ ದಪ್ಪ ಹೋಸ್. ಮೇಲಿಂದ ನೋಡಿದರೆ ಚೆನ್ನಾಗೇ ಇದೆ. ಕೆಳಗೆ ಕೈ ಹಾಕಿದರೆ ಎಣ್ಣೆ ಜಿಡ್ಡು. ಬಿಚ್ಚಿ ಮಡಚಿದಾಗ ಕ್ಲಾಂಪ್ ಪಕ್ಕದಲ್ಲಿ ಬೆರಳುದ್ದ ಬಾಯಿ ಬಿಟ್ಟಿತು. ಅಷ್ಟೇ ಅಲ್ಲ, ಇಜಿಆರ್‌ಗೆ ಹೋಗುವ ತೆಳ್ಳಗಿನ ಪೈಪಿನಲ್ಲಿ ಇಲಿ ಹಲ್ಲಿನ ಗುರುತು. ತೂತು ಬಿದ್ದಿಲ್ಲ, ಆದರೆ ಬೀಳುವುದರಲ್ಲಿತ್ತು. ಗಾಡಿ ನಿಲ್ಲಿಸುವುದು ಕೊಟ್ಟಿಗೆ ಪಕ್ಕದ ಮಾಡಿನಲ್ಲಿ, ಮೇಲೆ ಅಟ್ಟದಲ್ಲಿ ಹುಲ್ಲು. ಇಲಿ ಬರದೆ ಇರುತ್ತದಾ.

14ರ ಪಾನಾ
ಎರಡೂ ಪೈಪ್ ಬದಲಿಸಿ. ದಪ್ಪ ಹೋಸ್‌ಗೆ ಟೇಪ್ ಸುತ್ತಿ ಓಡಿಸಬೇಡಿ, ಘಟ್ಟದಲ್ಲಿ ಮತ್ತೆ ಬಿಡುತ್ತದೆ. ಹೋಸ್ ಒಳಗೆ ಸ್ವಲ್ಪ ಎಣ್ಣೆ ಪಸೆ ಇರುವುದು ಸಹಜ, ಟರ್ಬೊ ಹೋಯಿತೆಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಸುರಿಯುವಷ್ಟು ಇದ್ದರೆ ಮಾತ್ರ ನೋಡಬೇಕು.

ಬಿಚ್ಚುವುದು ಬಿಚ್ಚುತ್ತೀರಿ, ಇಜಿಆರ್ ತೆಗೆದು ಒಮ್ಮೆ ಮಸಿ ಕೆರೆದುಬಿಡಿ. 1,68,000 ಕಿಮೀ, ಅದೂ ದಿನಾ ಹತ್ತಿರದ ಓಡಾಟ. ಏರ್ ಫ್ಲೋ ಸೆನ್ಸರಿಗೆ ಅದರದೇ ಕ್ಲೀನರ್ ಸ್ಪ್ರೇ ಬರುತ್ತದೆ. ಬೇರೆ ಸ್ಪ್ರೇ ಬೇಡ, ಬ್ರಶ್ ತಾಗಿಸಲೇಬೇಡಿ, ಒಳಗಿನ ತಂತಿ ಕೂದಲಿನ ಹಾಗಿರುತ್ತದೆ.

ಸಿದ್ದಾಪುರ ಹುಡುಗ
ಹತ್ತಿರದ ಓಡಾಟಕ್ಕೂ ಮಸಿಗೂ ಏನು ಸಂಬಂಧ? ಓಡಾಟ ಕಡಿಮೆ ಇದ್ದರೆ ಮಸಿಯೂ ಕಡಿಮೆ ಇರಬೇಕಲ್ಲ.

ಯಲ್ಲಾಪುರ ಮೇಷ್ಟ್ರು
ಅಡಿಕೆ ಬೇಯಿಸುವ ಒಲೆ ನೋಡಿದ್ದೀಯಲ್ಲ ತಮ್ಮ. ಧಗಧಗ ಉರಿಯುವಾಗ ಹೊಗೆ ಕಡಿಮೆ. ಹಸಿ ಕಟ್ಟಿಗೆ ಹಾಕಿ ಉರಿ ಸಾಯುವಾಗ ಮಾಡಿನ ಹಂಚೆಲ್ಲ ಕರಿ. ಇಂಜಿನ್ ಪೂರ್ತಿ ಬಿಸಿ ಏರುವ ಮೊದಲೇ ಆರಿಸಿದರೆ ಉರಿ ಸರಿಯಾಗುವುದೇ ಇಲ್ಲ. ಇಂಜಿನ್ ಒಳಗಿನ ಎಣ್ಣೆ ಆವಿಯೂ ಬ್ರೀದರ್ ಪೈಪಿನಿಂದ ಅದೇ ಗಾಳಿ ದಾರಿಗೆ ಬರುತ್ತದೆ. ಒಣ ಮಸಿಗೆ ಎಣ್ಣೆ ಸೇರಿದರೆ ಅಂಟು ಆಗುತ್ತದೆ.

ಟ್ಯಾಕ್ಸಿ ಹೊನ್ನಾವರ
ಅದಕ್ಕೇ ನಾನು ಹೇಳಿದ್ದು ಮುಚ್ಚಿಸಿ ಎಂದು. ಹೊಗೆಯೇ ಬರದಿದ್ದರೆ ಮಸಿ ಎಲ್ಲಿಂದ? ಇದಕ್ಕೆ ಉತ್ತರ ಕೊಡಿ ಮೇಷ್ಟ್ರೇ.

ಯಲ್ಲಾಪುರ ಮೇಷ್ಟ್ರು
ಆ ಮಾತು ಒಪ್ಪುತ್ತೇನೆ. ಮುಚ್ಚಿದರೆ ಗಾಳಿ ದಾರಿಯಲ್ಲಿ ಮಸಿ ಕಟ್ಟುವುದಿಲ್ಲ. ನಿಮ್ಮ ಇಂಜಿನ್ ಚೊಕ್ಕ ಇರುತ್ತದೆ. ಊರಿನ ಗಾಳಿ ಅಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಅರ್ಧ ದಿನ ಕೂತು ತೊಳೆದರೆ ಎರಡೂ ಚೊಕ್ಕ ಇರುತ್ತದೆ, ಅಷ್ಟು ಮಾಡಲು ನಮಗೆ ಆಗುವುದಿಲ್ಲವಾ?

ಜೊಯಿಡಾ ಅಕ್ಕ
ಟ್ಯಾಕ್ಸಿ ಅಣ್ಣ, ನಿಮ್ಮ ಗಾಡಿ ದಿನಾ ಹೈವೇಯಲ್ಲಿ ಓಡುತ್ತದೆ. ನಿಮಗೆ ಮಸಿ ಕಟ್ಟುವುದೇ ಕಡಿಮೆ. ತಗಡು ತೆಗೆಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಟ್ಯಾಕ್ಸಿ ಹೊನ್ನಾವರ
ಸೀಸನ್ ಮುಗಿದ ಮೇಲೆ ಒಮ್ಮೆ ಬಿಚ್ಚಿಸಿ ನೋಡುತ್ತೇನೆ ಅಕ್ಕ. ಈಗ ಗಾಡಿ ನಿಲ್ಲಿಸಲು ಆಗುವುದಿಲ್ಲ. ಪಾನಾ ಅಣ್ಣ, ವಾಲ್ವ್ ಸಿಕ್ಕಿಹಾಕಿಕೊಂಡಿದ್ದರೆ ಹೊಸ ವಾಲ್ವ್ ಒಂದೇ ಸಿಗುತ್ತದಾ?

14ರ ಪಾನಾ
ಸಿಗುತ್ತದೆ. ಆದರೆ ಮೊದಲು ತೊಳೆದು ನೋಡೋಣ. ತಗಡಿನ ಹಿಂದೆ ನಾಲ್ಕು ವರ್ಷದ ಮಸಿ ಗಟ್ಟಿಯಾಗಿರುತ್ತದೆ, ಸ್ವಲ್ಪ ಹೊತ್ತು ಬೇಕು.

ಹುಲೇಕಲ್ ದಾರಿ
ಐದು ದಿನ ಆಯಿತು, ತಡವಾಯಿತು, ದಪ್ಪ ಹೋಸ್ ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಹೋಸ್, ಎರಡು ಕ್ಲಾಂಪ್, ತೆಳ್ಳಗಿನ ಪೈಪ್, ಗ್ಯಾಸ್ಕೆಟ್, ಸ್ಪ್ರೇ ಎಲ್ಲ ಸೇರಿ 3,140 ರೂಪಾಯಿ. ಕೂಲಿ ಇಲ್ಲ, ಭಾವ ಬಂದಿದ್ದ, ಇಬ್ಬರೂ ಸೇರಿ ಮಾಡಿದೆವು.

ಇಜಿಆರ್ ಬಿಚ್ಚಿದಾಗ ಒಳಗೆ ಹಳೇ ಜೋನಿ ಬೆಲ್ಲದ ಹಾಗೆ ಕರಿ ಅಂಟು. ದಾರಿ ಅರ್ಧಕ್ಕಿಂತ ಸಣ್ಣದಾಗಿತ್ತು. ಮರದ ಕಡ್ಡಿಯಲ್ಲಿ ಕೆರೆದಷ್ಟೂ ಬರುತ್ತದೆ. ಮೂರು ಗಂಟೆ ಹಿಡಿಯಿತು. ಒಂದು ಬೋಲ್ಟ್ ಬಿಡಲೇ ಇಲ್ಲ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಬೆಳಿಗ್ಗೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ ಬಿಡಿಸಿದೆವು. ಗ್ಯಾರೇಜಿನ ಸ್ಕ್ಯಾನರಿನಲ್ಲೇ ಕೋಡ್ ಅಳಿಸಿಕೊಂಡು ಬಂದೆ.

ಇವತ್ತು ಅಮ್ಮನಿಗೆ ಎರಡನೇ ಸಲ ಕಣ್ಣು ತೋರಿಸುವುದಿತ್ತು. ಕುಮಟಾದಿಂದ ವಾಪಸ್ ದೇವಿಮನೆ ಹತ್ತುವಾಗ ಆ ತಿರುವುಗಳಲ್ಲಿ ಮೂರನೇ ಗೇರಿನಲ್ಲೇ ಎಳೆಯಿತು. ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ, ಹೊಗೆ ಇಲ್ಲ. ದೀಪವೂ ಇಲ್ಲ. ಅಮ್ಮ ಅರ್ಧ ಘಟ್ಟದಲ್ಲೇ ನಿದ್ದೆ ಮಾಡಿದರು. ಪಾನಾ ಅಣ್ಣ, ಅಂಕೋಲಾ ಕಡೆ ಬಂದಾಗ ನಿಮ್ಮನ್ನು ಹುಡುಕಿ ಬರುತ್ತೇನೆ, ನಮ್ಮನೆ ಜೋನಿ ಬೆಲ್ಲ ಒಂದು ಡಬ್ಬ ತರುತ್ತೇನೆ.

ಬೈತಖೋಲ್ ಬೋಟ್
ಬೆಲ್ಲ ತಂದವರು ಕಾರವಾರದವರೆಗೂ ಬನ್ನಿ, ಮೀನು ತಿನ್ನದಿದ್ದರೆ ಕೋಕಂ ಶರಬತ್ತಾದರೂ ಕುಡಿದು ಹೋಗಿ.

ಸಿದ್ದಾಪುರ ಹುಡುಗ
ಇಲಿಗೆ ಏನು ಮಾಡಿದಿರಿ? ನಮ್ಮಲ್ಲೂ ಅದೇ ಕಾಟ.

ಹುಲೇಕಲ್ ದಾರಿ
ಗಾಡಿಯನ್ನು ಈಗ ಅಂಗಳದ ಚಪ್ಪರದ ಕೆಳಗೆ ನಿಲ್ಲಿಸುತ್ತಿದ್ದೇನೆ, ಹುಲ್ಲಿನಿಂದ ದೂರ. ರಾತ್ರಿ ಬಾನೆಟ್ ಎತ್ತಿ ಇಡುತ್ತೇನೆ. ಬೆಳಕು ಬಿದ್ದರೆ, ಬಿಸಿ ಆರಿದರೆ ಒಳಗೆ ಕೂರುವುದಿಲ್ಲ ಎಂದು ಭಾವ ಹೇಳಿದ. ಒಂದು ವಾರದಿಂದ ಹೊಸ ಗುರುತು ಇಲ್ಲ.

14ರ ಪಾನಾ
ಹೊಸ ಹೋಸ್ ಬಿಸಿಗೆ ಸ್ವಲ್ಪ ಕೂರುತ್ತದೆ. 500 ಕಿಮೀ ಆದ ಮೇಲೆ ಎರಡೂ ಕ್ಲಾಂಪ್ ಇನ್ನೊಮ್ಮೆ ಬಿಗಿ ನೋಡಿ.